ಬಸವನಹಳ್ಳಿಯ ಹಳೆಯ ಮನೆ: ಬಚ್ಚಲಿನ ಟೈಲ್ಸ್ ಒಡೆದು ತೆಗೆಯುವುದೋ, ಅದರ ಮೇಲೆಯೇ ಹೊಸದನ್ನು ಹಾಸುವುದೋ?

ಹಳೇಮನೆಯವರು, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಬಸವನಹಳ್ಳಿಯಲ್ಲಿರುವ ನಮ್ಮ ಮನೆಯನ್ನು ತಾತನವರು 1960ರ ದಶಕದ ಕೊನೆಯಲ್ಲಿ ಕಟ್ಟಿಸಿದರು. ಮುಂಭಾಗಕ್ಕೆ ಮಂಗಳೂರು ಹೆಂಚು, ಹಿಂಭಾಗದ ಅಡುಗೆಮನೆ ಮತ್ತು ಬಚ್ಚಲಿಗೆ ಆರ್‌ಸಿಸಿ ಇದೆ. ಗೋಡೆಗಳು ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆಯವು, ಮೇಲೆ ಸುಣ್ಣದ ಗಿಲಾವು. ಬಚ್ಚಲುಮನೆ ಆರಡಿ ಅಗಲ, ಎಂಟಡಿ ಉದ್ದವಿದೆ. ಮೊದಲು ಅಲ್ಲಿ ರೆಡ್ ಆಕ್ಸೈಡ್ ನೆಲವಿತ್ತು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅದರ ಮೇಲೆಯೇ ಆರಿಂಚಿನ ಕಂದು ಟೈಲ್ಸ್ ಹಾಕಿಸಿದರು.

ಈಗ ಹಂಡೆಯ ಪಕ್ಕದ ಟೈಲ್ಸ್ ಬಿರುಕು ಬಿಟ್ಟಿವೆ, ಬಾಗಿಲ ಬಳಿ ನೀರು ನಿಲ್ಲುತ್ತದೆ, ಮತ್ತು ಬಚ್ಚಲಿಗೆ ಅಂಟಿಕೊಂಡ ದೇವರ ಮನೆಯ ಗೋಡೆಯಲ್ಲಿ ಮಳೆಗಾಲ ಬಂತೆಂದರೆ ಮೊಣಕಾಲಿನ ಎತ್ತರದವರೆಗೆ ಬಣ್ಣ ಹೊಪ್ಪಳೆಯಾಗಿ ಉದುರುತ್ತದೆ. ತಾಯಿಯವರಿಗೆ ಎಪ್ಪತ್ತು ದಾಟಿದೆ, ಕೋಲು ಹಿಡಿದು ನಡೆಯುತ್ತಾರೆ. ಆ ನೆಲದ ಮೇಲೆ ಅವರು ಕಾಲಿಡುವಾಗಲೆಲ್ಲ ಮನೆಯವರಿಗೆ ಜೀವ ಕೈಯಲ್ಲಿ ಹಿಡಿದಂತಾಗುತ್ತದೆ. ವಿಚಾರಿಸಿದ ಇಬ್ಬರು ಗುತ್ತಿಗೆದಾರರಲ್ಲಿ ಒಬ್ಬರು ಹಳೆಯದರ ಮೇಲೆಯೇ ಗಮ್ ಹಾಕಿ ಹೊಸ ಟೈಲ್ಸ್ ಕೂರಿಸಿ ಮೂರು ದಿನದಲ್ಲಿ ಮುಗಿಸಿಕೊಡುವುದಾಗಿ ಹೇಳಿದರು. ಇನ್ನೊಬ್ಬರು ನೆಲವನ್ನು ಮಣ್ಣಿನವರೆಗೂ ತೆಗೆಯದೆ ಕೆಲಸ ಮುಟ್ಟುವುದಿಲ್ಲ ಎಂದರು. ಅನುಭವವಿರುವವರು ದಯವಿಟ್ಟು ತಿಳಿಸಿ.

ನಿವೃತ್ತ ಸಿವಿಲ್ ಎಂಜಿನಿಯರ್, ಹಾಸನ

ಟೈಲ್ಸ್ ಬಗ್ಗೆ ಯೋಚಿಸುವುದಕ್ಕೆ ಮೊದಲು ನೀವು ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಮೊದಲನೆಯದು, ಹತ್ತು ರೂಪಾಯಿ ನಾಣ್ಯ ತೆಗೆದುಕೊಂಡು ಪ್ರತಿಯೊಂದು ಟೈಲ್ಸಿನ ನಾಲ್ಕು ಮೂಲೆ ಮತ್ತು ನಡುವೆ ತಟ್ಟಿ ನೋಡಿ. ಗಟ್ಟಿಯಾಗಿ ಕೂತದ್ದು ಕಣಕಣ ಎನ್ನುತ್ತದೆ. ಟೊಳ್ಳಿರುವುದು ಮಂದವಾಗಿ ದಬದಬ ಎನ್ನುತ್ತದೆ. ಟೊಳ್ಳಾದವುಗಳ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಒಮ್ಮೆ ದೂರ ನಿಂತು ನೋಡಿದರೆ ನೀರು ಯಾವ ದಾರಿಯಲ್ಲಿ ಒಳಗಿಳಿದಿದೆ ಎಂಬುದು ಹೆಚ್ಚುಕಡಿಮೆ ಕಣ್ಣಿಗೆ ಕಾಣುತ್ತದೆ.

ಎರಡನೆಯದು ವಾಟ. ಬಚ್ಚಲಿನ ನೆಲಕ್ಕೆ ಸಾಮಾನ್ಯವಾಗಿ ಎಂಬತ್ತಕ್ಕೆ ಒಂದರಂತೆ ಇಳಿಜಾರು ಕೊಡುತ್ತೇವೆ, ನೂರಕ್ಕೆ ಒಂದಕ್ಕಿಂತ ಕಡಿಮೆ ಮಾಡುವುದಿಲ್ಲ. ನಿಮ್ಮದು ಆರು–ಎಂಟು ಅಡಿಯ ಕೋಣೆ. ನೀರು ಹೋಗುವ ತೂಬು ಮೂಲೆಯಲ್ಲಿದ್ದರೆ ಎದುರು ಮೂಲೆಯಿಂದ ಅದಕ್ಕೆ ಸರಿಯಾಗಿ ಹತ್ತು ಅಡಿ, ಎಂದರೆ ಸುಮಾರು 3050 ಮಿಲಿಮೀಟರ್. ಎಂಬತ್ತರಿಂದ ಭಾಗಿಸಿದರೆ 38 ಮಿಲಿಮೀಟರ್, ಒಂದೂವರೆ ಇಂಚು. ರಸಮಟ್ಟ ಹಿಡಿದು ಅಳೆಯಿರಿ. ಹಳೆಯ ನೆಲದಲ್ಲಿ ಆ ಒಂದೂವರೆ ಇಂಚು ಇಲ್ಲದಿದ್ದರೆ ಅದರ ಮೇಲೆ ಸಮನಾಗಿ ಅಂಟಿಸಿದ ಹೊಸ ಟೈಲ್ಸಿಗೂ ಅದು ಬರುವುದಿಲ್ಲ. ಬಾಗಿಲ ಬಳಿ ನೀರು ನಿಲ್ಲುತ್ತದೆ ಎಂದಿದ್ದೀರಿ. ಹಾಗಿದ್ದ ಮೇಲೆ ಅಳತೆ ಏನು ಹೇಳುತ್ತದೆ ಎಂಬುದರಲ್ಲಿ ನನಗೆ ಹೆಚ್ಚಿನ ಅನುಮಾನವಿಲ್ಲ.

ಟೈಲ್ಸ್ ವ್ಯಾಪಾರಿ, ಹಾಸನ

ಎಂಜಿನಿಯರ್ ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಟೈಲ್ಸ್ ಮೇಲೆ ಟೈಲ್ಸ್ ಎಂದ ಕೂಡಲೇ ಅದು ಮೋಸದ ಕೆಲಸ ಎಂಬಂತೆ ಯಾರೂ ತಿಳಿಯಬಾರದು. ಹಳೆಯ ಟೈಲ್ಸ್ ಒಂದೂ ಟೊಳ್ಳಿಲ್ಲದೆ, ವಾಟ ಸರಿಯಾಗಿದ್ದು, ಕೆಳಗಡೆ ತೇವವಿಲ್ಲದಿದ್ದರೆ ಅದು ಚೆನ್ನಾಗಿಯೇ ಬಾಳುತ್ತದೆ. ಅಂಟಿಗೆ ಭಾರತೀಯ ಮಾನಕವಿದೆ, ಐಎಸ್ 15477. ಚೀಲದ ಮೇಲೆ ಆ ಸಂಖ್ಯೆಯನ್ನೂ ಅಂಟಿನ ವರ್ಗವನ್ನೂ ನೋಡಿ ಕೊಳ್ಳಬೇಕು. ನುಣುಪಾದ ಹಳೆಯ ಮೇಲ್ಮೈಗೆ ಸೆರಾಮಿಕ್‌ಗೆಂದು ಮಾಡಿದ ಸಾದಾ ಅಂಟು ಸಾಲದು. ಟೈಲ್ಸ್ ಮೇಲೆ ಟೈಲ್ಸ್ ಹಾಕಲು ತಕ್ಕದ್ದೆಂದು ತಯಾರಕರು ಚೀಲದ ಮೇಲೆಯೇ ಬರೆದಿರುವ, ಪಾಲಿಮರ್ ಹೆಚ್ಚಿರುವ ಅಂಟೇ ಆಗಬೇಕು.

ಆದರೂ ನೆಲ ಎಷ್ಟು ಮೇಲೇಳುತ್ತದೆ ಎಂಬುದನ್ನು ಲೆಕ್ಕ ಹಾಕಿಕೊಳ್ಳಿ. ಟೈಲ್ಸ್ ಎಂಟೊಂಬತ್ತು ಮಿಲಿಮೀಟರ್, ಅಂಟು ನಾಲ್ಕರಿಂದ ಆರು. ಒಟ್ಟು ಅರ್ಧ ಇಂಚಿಗೂ ಮೇಲೆ. ಬಚ್ಚಲಿನ ನೆಲ ಪಕ್ಕದ ಕೋಣೆಗಿಂತ ಮುಕ್ಕಾಲು ಇಂಚಾದರೂ ತಗ್ಗಿರಬೇಕು. ಈ ಮನೆಯಲ್ಲಿ ಆಕ್ಸೈಡ್ ಮೇಲೆ ಒಂದು ಪದರ ಆಗಲೇ ಬಿದ್ದಿದೆ, ಈಗಿನದು ಮೂರನೆಯದಾಗುತ್ತದೆ. ವ್ಯಾಪಾರಿಯಾಗಿಯೇ ಹೇಳುತ್ತೇನೆ, ಇಲ್ಲಿ ನಾನು ಸಹ ಮೇಲ್ಹಾಸನ್ನು ಸೂಚಿಸುವುದಿಲ್ಲ.

ಗಾರೆ ಮೇಸ್ತ್ರಿ, ಬೇಲೂರು ರಸ್ತೆ

ಒಡೆಯುವುದೆಂದು ನಿರ್ಧರಿಸಿದರೆ ಹೇಗೆ ಒಡೆಯಬೇಕೆಂಬುದೇ ಮುಖ್ಯವಾದ ಮಾತು. ಮಣ್ಣಿನ ಗಾರೆಯ ಗೋಡೆಯಿರುವ ಮನೆಯಲ್ಲಿ ದೊಡ್ಡ ಬ್ರೇಕರ್ ಯಂತ್ರ ಹಚ್ಚಬೇಡಿ. ಅದರ ಅದುರುವಿಕೆಗೆ ಗೋಡೆಯ ಕೆಳವರಸೆಯ ಮಣ್ಣು ಸಡಿಲವಾಗುತ್ತದೆ, ಅತ್ತ ಕಡೆಯ ಗಿಲಾವು ಹಾಳೆಹಾಳೆಯಾಗಿ ಬೀಳುತ್ತದೆ. ಮೊದಲು ಬಿರುಕು ಬಿಟ್ಟ ಟೈಲ್ಸೊಂದನ್ನು ಒಡೆದು ತೆಗೆದು, ಆ ಕುಳಿಯಿಂದ ಅಗಲ ಬಾಯಿಯ ಉಳಿಯನ್ನು ಓರೆಯಾಗಿ ಪಕ್ಕದ ಟೈಲ್ಸಿನ ಅಡಿಗೆ ಕೊಟ್ಟು ಮೀಟಬೇಕು. ಟೊಳ್ಳಾದವು ತಾವಾಗಿ ಏಳುತ್ತವೆ. ತೂಬಿನ ಬಾಯಿಗೆ ಗೋಣಿಚೀಲ ತುರುಕಿಯೇ ಕೆಲಸ ಶುರು ಮಾಡಬೇಕು. ಗಾರೆಯ ಚೂರು ಪೈಪಿಗೆ ಇಳಿದು ಗಟ್ಟಿಯಾದರೆ ಮುಂದೆ ಅಂಗಳವನ್ನೂ ಅಗೆಯಬೇಕಾಗುತ್ತದೆ. ಒಡೆಯುವಾಗ ನೀರು ಚಿಮುಕಿಸುತ್ತಿರಬೇಕು, ಮೂಗಿಗೆ ಸರಿಯಾದ ಮಾಸ್ಕ್ ಇರಬೇಕು. ಟೈಲ್ಸ್ ಮತ್ತು ಕಾಂಕ್ರೀಟಿನ ಧೂಳಿನಲ್ಲಿ ಸಿಲಿಕಾ ಇದ್ದು ಅದು ಶ್ವಾಸಕೋಶಕ್ಕೆ ಕೂತರೆ ಹೊರಬರುವುದಿಲ್ಲ. ನಮ್ಮ ಕಸುಬಿನವರೇ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ ಎಂಬುದು ಬೇಸರದ ಸಂಗತಿ. ಹಳೆಯ ಮನೆಗಳಲ್ಲಿ ಕಲ್ನಾರಿನ ಸಿಮೆಂಟ್ ಪೈಪು ಇರುವುದುಂಟು. ಅದು ಸಿಕ್ಕರೆ ಒಣಗಿದ್ದಾಗ ಕತ್ತರಿಸಬೇಡಿ, ನೆನೆಸಿ ಇಡಿಯಾಗಿ ತೆಗೆಯಿರಿ.

ನೆಲ ಮಾತ್ರ ಬದಲಿಸುತ್ತೇವೆ, ಗೋಡೆ ಮುಟ್ಟುವುದಿಲ್ಲ ಎನ್ನುವವರು ಬಹಳ ಮಂದಿ. ಗೋಡೆಯ ಕೆಳಗಿನ ಒಂದು ಸಾಲನ್ನಾದರೂ ತೆಗೆಯಲೇಬೇಕು. ನೀರು ಸೋರುವುದು ನೆಲದ ನಡುವಿನಿಂದಲ್ಲ, ನೆಲ ಮತ್ತು ಗೋಡೆ ಸೇರುವ ಮೂಲೆಯಿಂದ. ವಾಟರ್‌ಪ್ರೂಫ್ ಲೇಪ ಆ ಮೂಲೆಯನ್ನು ದಾಟಿ ಗೋಡೆಯ ಮೇಲೆ ಕನಿಷ್ಠ ಒಂದಡಿ ಏರದಿದ್ದರೆ ಅದನ್ನು ಹಚ್ಚಿಯೂ ಪ್ರಯೋಜನವಿಲ್ಲ.

ಹಳೇಮನೆಯವರು, ಚಿಕ್ಕಮಗಳೂರು

ಮೇಸ್ತ್ರಿಯವರು ಹೇಳಿದಂತೆ ತೂಬಿನ ಬಳಿ ಎರಡಡಿ ಚೌಕವನ್ನಷ್ಟೇ ಬಿಚ್ಚಿಸಿ ನೋಡಿದೆವು. ಮೇಲೆ ಟೈಲ್ಸ್, ಅದರ ಕೆಳಗೆ ಒಂದು ಇಂಚು ಸಿಮೆಂಟ್ ಗಾರೆ, ಬಳಿಕ ಇನ್ನೂ ಹೊಳಪು ಮಾಸದ ಕೆಂಪು ಆಕ್ಸೈಡ್, ಅದರಡಿ ಇಟ್ಟಿಗೆ ಚೂರು ಸೇರಿಸಿದ ಸುಣ್ಣದ ಕಾಂಕ್ರೀಟ್, ಕೊನೆಗೆ ಮರಳು. ಮಳೆ ನಿಂತು ತಿಂಗಳುಗಳಾಗಿದ್ದರೂ ಆ ಮರಳು ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿ ಕಪ್ಪಗಿತ್ತು, ಕೊಳೆತ ವಾಸನೆಯಿತ್ತು. ಹೊರಗಿನ ಬಚ್ಚಲಗುಂಡಿಗೆ ಹೋಗುವುದು ಹಳೆಯ ಕಾಲದ ಹೊಳಪಿನ ಮಣ್ಣಿನ ಪೈಪು. ಅದರ ಮೊದಲ ಜೋಡಣೆಯಲ್ಲಿ ಬೆರಳು ತೂರುವಷ್ಟು ಸಂದಿಯಿದ್ದು ಅದರೊಳಗಿಂದ ಬೇರುಗಳು ಇಣುಕುತ್ತಿದ್ದವು. ವಾಸನೆ ತಡೆಯಲು ನೀರು ನಿಲ್ಲುವ ಟ್ರ್ಯಾಪ್ ಎಂಬುದೇ ಇಲ್ಲ, ಗೋಡೆಯಲ್ಲಿ ಒಂದು ತೂತು ಅಷ್ಟೇ. ಮಳೆಗಾಲದಲ್ಲಿ ಜರಿ, ಕಪ್ಪೆ ಎಲ್ಲಿಂದ ಬರುತ್ತಿದ್ದವು ಎಂಬುದೂ ತಿಳಿಯಿತು.

ದೇವರ ಮನೆಯ ಗೋಡೆಯ ಶೀತಕ್ಕೂ ಇದೇ ಕಾರಣವೇ? ಆ ಗೋಡೆಗೂ ನಾಲ್ಕಡಿ ಟೈಲ್ಸ್ ಹಾಕಿಬಿಡಿ, ಕಾಣುವುದಿಲ್ಲ ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ.

ನಿವೃತ್ತ ಸಿವಿಲ್ ಎಂಜಿನಿಯರ್, ಹಾಸನ

ದಯವಿಟ್ಟು ಆ ಸಲಹೆಯನ್ನು ಕೇಳಬೇಡಿ. ಅಂದಿನ ಎಷ್ಟೋ ಮನೆಗಳಲ್ಲಿ ತಳಪಾಯದ ಮೇಲೆ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಇಟ್ಟಿಗೆ ಮತ್ತು ಮಣ್ಣಿನ ಸೂಕ್ಷ್ಮ ರಂಧ್ರಗಳ ಮೂಲಕ ದೀಪದ ಬತ್ತಿಗೆ ಎಣ್ಣೆ ಏರಿದಂತೆ ಮೇಲೇರುತ್ತದೆ. ಸುಣ್ಣದ ಗಿಲಾವು ಆ ತೇವವನ್ನು ಹೊರಗೆ ಆರಲು ಬಿಡುತ್ತಿತ್ತು, ಅದಕ್ಕೇ ಅಂತಹ ಗೋಡೆಗಳು ಮಲೆನಾಡಿನ ಮಳೆಯಲ್ಲಿಯೂ ಇಷ್ಟು ಕಾಲ ನಿಂತಿವೆ. ಎರಡೂ ಕಡೆ ಸಿಮೆಂಟ್ ಬಳಿದು ಟೈಲ್ಸ್ ಅಂಟಿಸಿದರೆ ತೇವಕ್ಕೆ ಆರಲು ಜಾಗವಿಲ್ಲದೆ ಅದು ಟೈಲ್ಸಿನ ಎತ್ತರವನ್ನು ದಾಟಿ ಇನ್ನೂ ಮೇಲೆ ಹೋಗುತ್ತದೆ. ಇಂದು ಮೊಣಕಾಲಿನವರೆಗೆ ಇರುವುದು ನಾಳೆ ಎದೆಯ ಮಟ್ಟಕ್ಕೆ ಬರುತ್ತದೆ, ಜೊತೆಗೆ ಮಣ್ಣಿನ ಗಾರೆಯೂ ಒಳಗೊಳಗೇ ಮೆತ್ತಗಾಗುತ್ತದೆ.

ನಿಮ್ಮಲ್ಲಿ ಎರಡು ಕಾರಣಗಳು ಕೂಡಿಕೊಂಡಿವೆ ಎಂದು ನನಗನಿಸುತ್ತದೆ. ಬೇಸಿಗೆಯಲ್ಲೂ ಮರಳು ಒದ್ದೆಯಿದೆ ಎಂದರೆ ಒಡೆದ ಪೈಪಿನ ನೀರು ನೆಲದಡಿಯಲ್ಲಿ ಸೇರುತ್ತಿದೆ. ಮಳೆಗಾಲದಲ್ಲಿ ಮಾತ್ರ ಗೋಡೆ ಹೊಪ್ಪಳೆಯೇಳುತ್ತದೆ ಎಂದರೆ ಹೊರಗಿನ ನೆಲದ ತೇವವೂ ಸೇರುತ್ತಿದೆ. ಪೈಪು ಬದಲಿಸಿ, ಬಚ್ಚಲಿನ ಕಡೆಯನ್ನು ಜಲನಿರೋಧಕ ಮಾಡಿ, ದೇವರ ಮನೆಯ ಕಡೆಯ ಹಾಳಾದ ಗಿಲಾವನ್ನು ತೇವ ಏರಿರುವ ಮಟ್ಟಕ್ಕಿಂತ ಒಂದಡಿ ಮೇಲಿನವರೆಗೆ ಕೆತ್ತಿ ತೆಗೆದು ಒಂದು ಬೇಸಿಗೆ ಹಾಗೆಯೇ ಒಣಗಲು ಬಿಡಿ. ಆಮೇಲೆ ಸುಣ್ಣದ ಗಿಲಾವನ್ನೇ ಮಾಡಿಸಿ ಸುಣ್ಣ ಬಳಿಸಿ, ಪ್ಲಾಸ್ಟಿಕ್ ಬಣ್ಣ ಬೇಡ. ಹೊರಗೋಡೆಯ ಬುಡದಲ್ಲಿ ಮಣ್ಣು ಏರಿಕೊಂಡು ಒಳನೆಲಕ್ಕಿಂತ ಎತ್ತರವಾಗಿದ್ದರೆ ಅದನ್ನೂ ತಗ್ಗಿಸಬೇಕು. ಹೆಂಚಿನ ಸೂರಿನ ನೀರು ಬುಡಕ್ಕೆ ಬೀಳುವ ಮನೆಗಳಲ್ಲಿ ಇದು ಸಾಮಾನ್ಯ.

ನೆಲದಡಿಯ ಮರಳನ್ನು ತೆಗೆಯುವಾಗ ಗೋಡೆಯ ತಳಪಾಯದ ಮಟ್ಟಕ್ಕಿಂತ ಕೆಳಗೆ ಹೋಗಬಾರದು, ಒಂದೇ ಸಲ ಇಡೀ ಕೋಣೆಯನ್ನು ಅಗೆಯಬಾರದು. ಅರ್ಧ ತೆಗೆದು, ಗಟ್ಟಿಸಿ, ತುಂಬಿ, ನಂತರ ಉಳಿದರ್ಧ. ಅದರ ಮೇಲೆ ದಪ್ಪ ಪಾಲಿಥಿನ್ ಹಾಳೆ, ಅದರ ಮೇಲೆ ನಾಲ್ಕು ಇಂಚು ಸಾದಾ ಕಾಂಕ್ರೀಟ್.

ತೋಟದ ಮನೆಯಾಕೆ, ಮೂಡಿಗೆರೆ

ಆ ಆಕ್ಸೈಡ್ ನೆಲ ಇನ್ನೂ ಹೊಳೆಯುತ್ತಿದೆ ಎಂದು ಓದಿ ಹೊಟ್ಟೆ ಚುರ್ ಎಂದಿತು. ಟೈಲ್ಸ್ ಅಷ್ಟನ್ನೇ ಎಬ್ಬಿಸಿ ಅದನ್ನೇ ಉಳಿಸಿಕೊಳ್ಳಲು ಸಾಧ್ಯವಿಲ್ಲವೇ? ನಮ್ಮ ತೋಟದ ಮನೆಯ ಬಚ್ಚಲಿನಲ್ಲಿ ಈಗಲೂ ಕಡಪಾ ಕಲ್ಲಿನ ಚಪ್ಪಡಿಯೇ ಇದೆ, ಯಾರೂ ಅದನ್ನು ಬದಲಿಸುವ ಮಾತಾಡುವುದಿಲ್ಲ.

ಗಾರೆ ಮೇಸ್ತ್ರಿ, ಬೇಲೂರು ರಸ್ತೆ

ಅಕ್ಕಾ, ಗಾರೆ ಹಿಡಿದ ಆಕ್ಸೈಡ್ ನೆಲವನ್ನು ಗೀರಿಲ್ಲದೆ ಬಿಡಿಸುವುದು ನನ್ನಿಂದಂತೂ ಆಗದ ಕೆಲಸ. ಬಿಡಿಸಿದರೂ ಕೆಳಗಿನ ಪೈಪಿಗಾಗಿ ಅದನ್ನು ಕೊರೆಯಲೇಬೇಕು. ಮೇಲಾಗಿ ಆಕ್ಸೈಡ್ ನೆಲ ಹಳೆಯದಾದಷ್ಟೂ ನುಣುಪು, ಸೋಪಿನ ನೀರು ಬಿದ್ದರೆ ವಯಸ್ಸಾದವರಿಗೆ ಅಪಾಯ. ಕಲ್ಲು ಬೇಕೆಂದರೆ ಕಡಪಾಕ್ಕಿಂತ ಬೆಂಕಿಯಿಂದ ಸುಟ್ಟು ಒರಟು ಮಾಡಿದ ಗ್ರಾನೈಟ್ ಉತ್ತಮ. ಸಾದರಹಳ್ಳಿ ಕಲ್ಲನ್ನು ಹಾಗೆ ಮಾಡಿಸಿ ಹಾಕಿದರೆ ಸೋಪಿನ ನೀರಿನಲ್ಲೂ ಕಾಲಿಗೆ ಹಿಡಿತವಿರುತ್ತದೆ. ಆದರೆ ಕಲ್ಲಿನ ದಪ್ಪಕ್ಕೆ ಜಾಗ ಬೇಕು.

ಟೈಲ್ಸ್ ವ್ಯಾಪಾರಿ, ಹಾಸನ

ಟೈಲ್ಸ್ ಆಯ್ಕೆಯ ಬಗ್ಗೆ ಹೇಳುವುದಾದರೆ, ನಮ್ಮಲ್ಲಿ ಮಾರಾಟವಾಗುವ ಬಹುಪಾಲು ಸರಕು ಗುಜರಾತಿನ ಮೋರ್ಬಿಯಿಂದ ಬರುತ್ತದೆ ಮತ್ತು ಪೆಟ್ಟಿಗೆಯ ಮೇಲೆ ಬೇಕಾದ ವಿವರವೆಲ್ಲ ಇರುತ್ತದೆ. ಗಿರಾಕಿಗಳು ಓದುವುದಿಲ್ಲ ಅಷ್ಟೇ. ಜಾರದಿರುವ ಗುಣಕ್ಕೆ ಜರ್ಮನಿಯ ಮಾನದಂಡದಂತೆ ಆರ್9ರಿಂದ ಆರ್13ರವರೆಗೆ ದರ್ಜೆಗಳಿವೆ. ಆರ್9 ಎಂದರೆ ಅತಿ ಕಡಿಮೆ ಹಿಡಿತ. ಮನೆಯ ಬಚ್ಚಲಿಗೆ ಆರ್10 ಅಥವಾ ಆರ್11 ಸಾಕು, ಅದಕ್ಕಿಂತ ಒರಟಾದರೆ ಕೊಳೆ ಹಿಡಿದು ಪಾಚಿ ಕಟ್ಟುತ್ತದೆ. ಆ ದರ್ಜೆಯನ್ನು ಬೂಟು ಹಾಕಿ ಎಣ್ಣೆ ಬಿದ್ದ ಇಳಿಜಾರಿನಲ್ಲಿ ನಡೆದು ಅಳೆಯುತ್ತಾರೆ. ಬರಿಗಾಲಿಗೆ ಎ, ಬಿ, ಸಿ ಎಂಬ ಬೇರೆ ದರ್ಜೆಗಳಿದ್ದು, ಸ್ನಾನದ ಜಾಗಕ್ಕೆ ಬಿ ಎಂದು ಬರೆದಿದ್ದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿಯೇ ಟೈಲ್ಸ್ ಮೇಲೆ ಸೋಪಿನ ನೀರು ಹಾಕಿ ಬರಿಗಾಲಿಟ್ಟು ನೋಡಿದರೆ ಯಾವ ವ್ಯಾಪಾರಿಯೂ ಬೇಸರಪಡಬಾರದು.

ಗಾತ್ರದ ವಿಷಯದಲ್ಲಿ ಫ್ಯಾಷನ್ ನೋಡಬೇಡಿ. ಎರಡಡಿಯ ಟೈಲ್ಸನ್ನು ಮೂಲೆಯ ಕಡೆಗೆ ಎರಡು ದಿಕ್ಕಿನಲ್ಲಿ ಓರೆ ಮಾಡಲು ಆಗುವುದಿಲ್ಲ, ಕರ್ಣದುದ್ದಕ್ಕೂ ಕತ್ತರಿಸಬೇಕಾಗುತ್ತದೆ. ಒಂದಡಿಯದು ಅಥವಾ ಅದಕ್ಕಿಂತ ಚಿಕ್ಕದು ವಾಟಕ್ಕೆ ತಾನಾಗಿ ಬಾಗುತ್ತದೆ, ಸಂದುಗಳು ಹೆಚ್ಚಿರುವುದರಿಂದ ಕಾಲಿಗೂ ಹಿಡಿತ ಸಿಗುತ್ತದೆ. ನಿಮ್ಮದು 48 ಚದರಡಿ, ಕತ್ತರಿಕೆಗೆ ಶೇ. 10 ಸೇರಿಸಿ, ಅದರ ಮೇಲೆ ಒಂದು ಪೆಟ್ಟಿಗೆ ಅಟ್ಟದ ಮೇಲಿಡಲು ತೆಗೆದುಕೊಳ್ಳಿ. ಅದೇ ಬ್ಯಾಚಿನ ಬಣ್ಣ ಎರಡು ವರ್ಷದ ನಂತರ ಸಿಗುವುದಿಲ್ಲ. ಯಾರಾದರೂ ತಮಿಳುನಾಡಿನ ಆತಂಗುಡಿಯ ಕೈಕೆಲಸದ ಸಿಮೆಂಟ್ ಟೈಲ್ಸ್ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಅವು ಹಜಾರಕ್ಕೆ ಚೆಂದ, ಬಚ್ಚಲಿಗಲ್ಲ.

ಗಾರೆ ಮೇಸ್ತ್ರಿ, ಬೇಲೂರು ರಸ್ತೆ

ಕೆಲಸದ ಕ್ರಮವನ್ನು ನಾನು ಬರೆಯುತ್ತೇನೆ, ಏಕೆಂದರೆ ಎಲ್ಲ ಸಾಮಗ್ರಿ ಸರಿಯಿದ್ದು ಕ್ರಮ ತಪ್ಪಿದ್ದರಿಂದ ಹಾಳಾದ ಬಚ್ಚಲುಗಳನ್ನೇ ಹೆಚ್ಚು ನೋಡಿದ್ದೇನೆ. ಕಾಂಕ್ರೀಟ್ ಹಾಕುವ ಮೊದಲೇ ಪೈಪು ಮತ್ತು ನಹಾನಿ ಟ್ರ್ಯಾಪ್ (ಬಚ್ಚಲಿನ ನೆಲಕ್ಕೆ ಹಾಕುವ ಟ್ರ್ಯಾಪ್) ಕೂರಬೇಕು. ಟ್ರ್ಯಾಪಿನಲ್ಲಿ ಎರಡು ಇಂಚು, ಎಂದರೆ 50 ಮಿಲಿಮೀಟರ್ ನೀರು ಸದಾ ನಿಲ್ಲುವಂತಿದ್ದರೆ ಗುಂಡಿಯ ವಾಸನೆ ಒಳಗೆ ಬರುವುದಿಲ್ಲ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆಯಲ್ಲಿ ವಾಟ ಮಾಡಬೇಕು. ವಾಟವನ್ನು ಈ ಗಾರೆಯಲ್ಲೇ ಮುಗಿಸಬೇಕೇ ಹೊರತು ಟೈಲ್ಸ್ ಕೂರಿಸುವಾಗ ಅಂಟು ಹೆಚ್ಚುಕಡಿಮೆ ಮಾಡಿ ಹೊಂದಿಸಬಾರದು. ಕನಿಷ್ಠ ಏಳು ದಿನ ನೀರುಣಿಸಿ, ಆರಲು ಬಿಟ್ಟು, ಮೂಲೆಗಳಲ್ಲಿ ಗಾರೆಯಿಂದ ಸಣ್ಣ ಗುಂಡು ಅಂಚು ಮಾಡಿ, ಎರಡು ಭಾಗಗಳನ್ನು ಕಲಸುವ ಪಾಲಿಮರ್ ಸಿಮೆಂಟ್ ಲೇಪವನ್ನು ಮೊದಲು ಉದ್ದಕ್ಕೆ, ಅದು ಆರಿದ ಮೇಲೆ ಅಡ್ಡಕ್ಕೆ ಹಚ್ಚಬೇಕು. ಟ್ರ್ಯಾಪಿನ ಬಾಯಿಯೊಳಗೂ ಲೇಪ ಇಳಿಯಬೇಕು.

ಲೇಪ ಪೂರ್ತಿ ಬಲಿತ ಮೇಲೆ ಟ್ರ್ಯಾಪಿನ ಬಾಯಿ ಮುಚ್ಚಿ, ಬಾಗಿಲಿಗೆ ಗಾರೆಯ ಸಣ್ಣ ಕಟ್ಟೆ ಹಾಕಿ, ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ಬಿಡಿ. ಗೋಡೆಯ ಮೇಲೆ ಪೆನ್ಸಿಲಿನಿಂದ ಮಟ್ಟ ಗುರುತಿಸಿ. ಬೇಸಿಗೆಯಲ್ಲಿ ಸ್ವಲ್ಪ ಆವಿಯಾಗುತ್ತದೆ, ಆದ್ದರಿಂದ ಪಕ್ಕದಲ್ಲಿ ಒಂದು ಬಾಂಡ್ಲಿಯಲ್ಲೂ ಅಷ್ಟೇ ನೀರಿಟ್ಟು ಎರಡರ ಇಳಿತವನ್ನು ಹೋಲಿಸಿ. ಈ ಪರೀಕ್ಷೆಗೆ ಸಮಯವಿಲ್ಲ ಎನ್ನುವವರಿಗೆ ಕೆಲಸ ಕೊಡಬೇಡಿ.

ಟೈಲ್ಸ್ ಕೂರಿಸುವಾಗ ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಅಂಟು ಹಾಕಿ ಒತ್ತುವ ಅಭ್ಯಾಸ ಕೆಲವರಿಗಿದೆ. ನಡುವೆ ಉಳಿಯುವ ಟೊಳ್ಳಿನಲ್ಲಿ ನೀರು ಸೇರುತ್ತದೆ, ಮೇಲೆ ಬಕೆಟ್ ಬಿದ್ದರೆ ಒಡೆಯುತ್ತದೆ. ಹಲ್ಲಿನ ಕರಣೆಯಿಂದ ಒಂದೇ ದಿಕ್ಕಿಗೆ ಗೆರೆ ಎಳೆದು ಟೈಲ್ಸ್ ಒತ್ತಬೇಕು. ಮೊದಲ ಸಾಲಿನ ಒಂದನ್ನು ಕೂಡಲೇ ಎಬ್ಬಿಸಿ ಬೆನ್ನು ನೋಡಿ: ಅಂಟು ಮೂಲೆಯವರೆಗೂ ಹಿಡಿದಿದ್ದರೆ ಮುಂದುವರಿಸಲು ಹೇಳಿ, ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ. ಸಿಮೆಂಟ್ ಗಾರೆಯಲ್ಲಿ ಕೂರಿಸುವ ಸೆರಾಮಿಕ್ ಟೈಲ್ಸನ್ನು ನೀರಿನಲ್ಲಿ ನೆನೆಸಬೇಕು, ಅಂಟಿನಲ್ಲಿ ಕೂರಿಸುವ, ನೀರು ಅಷ್ಟಾಗಿ ಹೀರದ ವಿಟ್ರಿಫೈಡ್ ಟೈಲ್ಸನ್ನು ನೆನೆಸಬಾರದು.

ಸಕಲೇಶಪುರದ ಓದುಗರು

ಟೈಲ್ಸ್ ನಡುವಿನ ಸಂದಿಗೆ ಬಿಳಿ ಸಿಮೆಂಟ್ ಸಾಕೇ, ಎಪಾಕ್ಸಿ (ಗಟ್ಟಿಯಾಗುವ ರಾಳದ ಅಂಟು) ಬೇಕೇ? ಮತ್ತು ಯಾವ ತಿಂಗಳಲ್ಲಿ ಮಾಡಿಸುವುದು ಒಳ್ಳೆಯದು?

ಟೈಲ್ಸ್ ವ್ಯಾಪಾರಿ, ಹಾಸನ

ಕೊಳವೆಬಾವಿಯ ಗಡಸು ನೀರಿನ ಬಿಳಿ ಕಲೆ ತೆಗೆಯಲು ಮನೆಮಂದಿ ಆಸಿಡ್ ಹಾಕುತ್ತಾರೆ, ಆಸಿಡ್ ಸಿಮೆಂಟ್ ಸಂದಿಯನ್ನು ತಿಂದುಹಾಕುತ್ತದೆ. ಆದ್ದರಿಂದ ನೆಲಕ್ಕಾದರೂ ಎಪಾಕ್ಸಿ ಹಾಕಿಸಿ, ಎರಡು ಮೂರು ಮಿಲಿಮೀಟರ್ ಸಂದಿ ಬಿಡಿಸಿ. ಬೆಲೆ ಹೆಚ್ಚು, ಕೆಲಸಗಾರನಿಗೆ ಕೈ ಪಳಗಿರಬೇಕು. ಉಳಿದ ಎಪಾಕ್ಸಿಯನ್ನು ತಕ್ಷಣ ಒರೆಸದಿದ್ದರೆ ಟೈಲ್ಸ್ ಮೇಲೆ ಮಂಜು ಕವಿದ ಹಾಗೆ ಉಳಿದುಬಿಡುತ್ತದೆ.

ನಿವೃತ್ತ ಸಿವಿಲ್ ಎಂಜಿನಿಯರ್, ಹಾಸನ

ಕಾಫಿ ಕೊಯ್ಲು ಮುಗಿದು ಕೈಯಾಳುಗಳು ಸಿಗುವ ಫೆಬ್ರವರಿ ಕೊನೆಯಿಂದ ಮೇ ನಡುವಿನವರೆಗೆ ಸರಿಯಾದ ಕಾಲ. ಜೂನ್ ಹತ್ತಿರವಾದರೆ ಅಂತರ್ಜಲ ಏರಿ ಅಗೆದ ಜಾಗ ಒಣಗುವುದೇ ಇಲ್ಲ. ಒಡೆದ ಗಾರೆಯನ್ನು ರಸ್ತೆಯ ಚರಂಡಿಗೆ ಸುರಿಯಲು ಬಿಡಬೇಡಿ. 2016ರ ಕಟ್ಟಡ ತ್ಯಾಜ್ಯ ನಿಯಮಗಳೇ ಅದನ್ನು ನಿಷೇಧಿಸಿದ್ದವು, ಮಳೆ ಬಂದರೆ ಆ ಚರಂಡಿಯ ನೀರು ನುಗ್ಗುವುದೂ ನಮ್ಮ ಮನೆಗೇ.

ಹಳೇಮನೆಯವರು, ಚಿಕ್ಕಮಗಳೂರು

ಎಲ್ಲರಿಗೂ ಧನ್ಯವಾದಗಳು. ಪೂರ್ತಿ ತೆಗೆಸುವುದೆಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ. ಒಂದಡಿಯ ಮ್ಯಾಟ್ ಟೈಲ್ಸ್, ಆರ್11. ಗುತ್ತಿಗೆಯ ಚೀಟಿಯಲ್ಲಿ ನೀರು ನಿಲ್ಲಿಸುವ ಪರೀಕ್ಷೆ ಮುಗಿದ ಮೇಲೆಯೇ ಎರಡನೆಯ ಕಂತು ಎಂದು ಬರೆಸಿದ್ದೇವೆ. ಉಳಿದಿರುವುದು ಎರಡು ಪ್ರಶ್ನೆ: ಸೌದೆಯ ಹಂಡೆ ಒಲೆಯನ್ನು ತಾಯಿಯವರು ಬಿಡಲು ಒಪ್ಪುವುದಿಲ್ಲ, ಅದರ ಬುಡಕ್ಕೂ ಟೈಲ್ಸ್ ಹಾಕಬಹುದೇ? ಅವರಿಗಾಗಿ ಹಿಡಿಕೆ ಹಾಕಿಸಬೇಕೆಂದರೆ ಮಣ್ಣಿನ ಗೋಡೆ ತಡೆಯುತ್ತದೆಯೇ?

ಗಾರೆ ಮೇಸ್ತ್ರಿ, ಬೇಲೂರು ರಸ್ತೆ

ಒಲೆಯ ಬಾಯಿಯ ಮುಂದೆ ಮತ್ತು ಬುಡಕ್ಕೆ ಟೈಲ್ಸ್ ಬೇಡ. ಕಾದು ತಣಿದು ಅದು ಬಿರಿಯುತ್ತದೆ. ನಿಮ್ಮ ಹಳೆಯ ಟೈಲ್ಸ್ ಒಡೆದಿರುವುದೂ ಹಂಡೆಯ ಪಕ್ಕದಲ್ಲೇ ಅಲ್ಲವೇ? ಅಲ್ಲಿ ಕಲ್ಲಿನ ಚಪ್ಪಡಿ ಹಾಕಿ, ಚಪ್ಪಡಿಗೂ ಟೈಲ್ಸಿಗೂ ನಡುವೆ ಕಾಲು ಇಂಚು ಸಂದಿ ಬಿಟ್ಟು ಶಾಖ ತಡೆಯುವ ಸೀಲೆಂಟ್ ತುಂಬಿಸಿ. ಒಲೆಯ ಕಟ್ಟೆಯನ್ನು ಲೇಪ ಹಚ್ಚಿ ಮುಗಿದ ಮೇಲೆ ಕಟ್ಟಬೇಕು, ಮೊದಲಲ್ಲ.

ಹಿಡಿಕೆಯನ್ನು ಮಣ್ಣಿನ ಗಾರೆಯ ಗೋಡೆಗೆ ಪ್ಲಾಸ್ಟಿಕ್ ಗಟ್ಟ ಹೊಡೆದು ಕೂರಿಸಿದರೆ ಆಳು ಜಗ್ಗಿದಾಗ ಕಿತ್ತುಬರುತ್ತದೆ. ಒಂದೂವರೆ ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯನ್ನು ನೆಲದ ಕಾಂಕ್ರೀಟಿನಲ್ಲಿಯೇ ಹೂತು ನಿಲ್ಲಿಸಿ, ಮೇಲ್ತುದಿಯನ್ನು ಮಾತ್ರ ಗೋಡೆಗೆ ಹಿಡಿಸಿ. ಅದಕ್ಕೆ ಈಗಲೇ, ಕಾಂಕ್ರೀಟ್ ಹಾಕುವ ಮೊದಲೇ ತಾಯಿಯವರನ್ನು ಬಾಗಿಲಲ್ಲಿ ನಿಲ್ಲಿಸಿ, ಅವರ ಕೈ ಸಹಜವಾಗಿ ಎಲ್ಲಿ ಹೋಗುತ್ತದೆ ಎಂದು ನೋಡಿ ಅಲ್ಲಿಗೆ ಗುರುತು ಹಾಕಿ.